ಜಾಡಿಯ ಮೇಲಿನ ಕಾಲುಚೀಲ

ನಂಬಿದರೆ ನಂಬಿ, ಕಣ್ಣಾರೆ ಕಂಡದ್ದಷ್ಟೇ ಹೇಳುತ್ತೇನೆ. ಕೊರಿಯಾದ ಬುಸಾನಿನಲ್ಲಿ ಉರಿಬಿಸಿಲಿನ ಮಧ್ಯಾಹ್ನ. ಪಕ್ಕದ ಮನೆ ತಾರಸಿಯಿಂದ ಯಾರೋ ಮುದುಕಿ ಸೋಯಾ ಸಾಸಿನ ದೊಡ್ಡ ಜಾಡಿಯನ್ನು ಕೂಸಿನಂತೆ ಸೊಂಟಕ್ಕೇರಿಸಿಕೊಂಡು ಇಳಿದು ಹೋದಳು. ಇಬ್ಬರು ಗಂಡಸರು ಸೇರಿ ಎತ್ತಬೇಕಾದ ಜಾಡಿ ಅದು. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದೇ ಇರಲಿಲ್ಲ. ಜಾಡಿಯಿಂದ ಚೆಲ್ಲಿದ್ದ ಹನಿ ಮುಟ್ಟಿದರೆ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು.

ಪೊಲೀಸರಿಗೆ ಫೋನ್ ಮಾಡಹೊರಟಾಗ ಜಾಡಿಯ ಒಡತಿ ಓಕ್‌ಬುನ್ ಅಕ್ಕ ನನ್ನ ಕೈ ಹಿಡಿದಳು.

“ತಡಿಯೇ. ಜಾಡಿಗೆ ಅಂಟಿಸಿದ್ದ ಕಾಗದದ ಕಾಲುಚೀಲ ಏನಾಯ್ತು?”

ಕೆಟ್ಟದ್ದು ಹತ್ತಿರ ಸುಳಿಯದಿರಲಿ ಅಂತ ನಾವೆಲ್ಲ ಜಾಡಿಗೆ ತಲೆಕೆಳಗಾಗಿ ಅಂಟಿಸುವುದು ಅದನ್ನೇ.

“ಅವಳ ಎಡಗಾಲಲ್ಲಿತ್ತು, ಅಕ್ಕಾ. ಬಲಗಾಲು ಬರಿಗಾಲು.”

“ಹಾಗಿದ್ರೆ ಫೋನ್ ಇಡು. ಪೊಲೀಸರು ಬಂದು ಯಾರನ್ನ ಹಿಡೀತಾರೆ?”

ಇಟ್ಟುಬಿಟ್ಟೆ.

ಇವತ್ತು ಬೆಳಿಗ್ಗೆ ನೋಡಿದರೆ, ನನ್ನ ತಾರಸಿಯ ಜಾಡಿ ಇದ್ದಲ್ಲೇ ಇದೆ. ಅದರ ಮೇಲಿನ ಕಾಲುಚೀಲ ಮಾತ್ರ ಇಲ್ಲ.