ಕ್ಯಾಂಟೀನಿನಲ್ಲಿ ಹಾರಿದ ಗಂಟೆಗಳು

ವಿಮಾನದ ಪ್ರೊಪೆಲ್ಲರ್ ತಿರುಗುತ್ತಿತ್ತು. ನನ್ನ ಮೂಗಿಗೂ ಅದಕ್ಕೂ ಎರಡೇ ಅಡಿ ಅಂತರ.

ಹಿಂದಿನಿಂದ ಗೇಟಿನ ಕಾವಲುಗಾರ ನನ್ನ ಕೊರಳಪಟ್ಟಿ ಹಿಡಿದಿದ್ದ. ಆಳು ಬಾಗಿಲಿನಷ್ಟು ಅಗಲ. ಅವನು ಒಂದು ತಳ್ಳು ತಳ್ಳಿದ್ದರೆ ನಿಮಗೆ ಈ ಕತೆ ಹೇಳಲು ನಾನು ಇರುತ್ತಿರಲಿಲ್ಲ.

ಪಕ್ಕದಲ್ಲಿ ಆ ಫ್ಲೈಯಿಂಗ್ ಸ್ಕೂಲಿನ ಚೀಫ್. ಇಸ್ತ್ರಿ ಮಾಡಿದ ಬಿಳಿ ಶರ್ಟು, ಹೆಗಲ ಮೇಲೆ ನಾಲ್ಕು ಬಂಗಾರದ ಪಟ್ಟಿ. ಎಂಜಿನ್ ಸದ್ದಿಗೆ ನನ್ನ ಕಿವಿಯ ಹತ್ತಿರ ಬಂದು ಮಾತಾಡಿದ.

"ಯಾರು ಕಳಿಸಿದ್ದು ಹೇಳ್ಬಿಡಿ. ಇಬ್ಬರಿಗೂ ಟೈಮ್ ಉಳಿಯುತ್ತೆ."

"ಮೀಟರ್ ವೈರ್ ಬಿಚ್ಚಿದ್ದು ಯಾರು ಅಂತ ನೀವು ಹೇಳಿ. ಆಮೇಲೆ ನಾನು ಹೇಳ್ತೀನಿ."

ಕಾವಲುಗಾರ ನನ್ನನ್ನು ಇನ್ನರ್ಧ ಅಡಿ ಮುಂದಕ್ಕೆ ನೂಕಿದ. ಸುಳ್ಳೇಕೆ ಹೇಳಲಿ... ಹೆದರಿದೆ.

ಇರಿ, ಮೊದಲಿನಿಂದ ಹೇಳುತ್ತೇನೆ. ಮಗಳನ್ನು ಯಾವ ಫ್ಲೈಯಿಂಗ್ ಸ್ಕೂಲಿಗೆ ಸೇರಿಸಲಿ ಎಂದು ತಾನೇ ನೀವು ಕೇಳಿದ್ದು? ಜನ ಮುಚ್ಚಿಟ್ಟದ್ದನ್ನು ಕೆದಕುವುದು ನನ್ನ ಕಸುಬು. ಅದಕ್ಕೇ ಎರಡು ವರ್ಷದ ಹಿಂದೆ ಒಬ್ಬ ಬಸ್ ಡ್ರೈವರ್ ನೀವು ಕೂತಿರುವ ಇದೇ ಕುರ್ಚಿಯಲ್ಲಿ ಬಂದು ಕೂತ. ಅಪ್ಪ ಅಮ್ಮ ಇಲ್ಲ, ಇರುವುದು ಒಬ್ಬಳೇ ತಂಗಿ. ಏಳು ವರ್ಷದ ಮಗುವಿನಿಂದ ತಾನೇ ಸಾಕಿದ್ದಾನೆ. ಆಕೆ ಆ ಸ್ಕೂಲಿನಲ್ಲಿ ಪೈಲಟ್ ಆಗಲು ಕಲಿಯುತ್ತಿದ್ದಾಳೆ. ಮೊನ್ನೆ ಫೋನಿನಲ್ಲಿ 'ಎಂಜಿನ್ ಕೆಮ್ಮುತ್ತೆ ಅಣ್ಣ' ಎಂದಳಂತೆ. ಮತ್ತೆ ಕೇಳಿದರೆ ಮಾತು ಮರೆಸಿದಳಂತೆ.

"ಅವಳು ಕೂರೋ ಗಾಡಿ ಹೇಗಿದೆ ಅಂತ ಒಂಚೂರು ನೋಡ್ಕೊಂಡು ಬನ್ನಿ ಸಾರ್," ಅಂದ. "ನನ್ನನ್ನ ಗೇಟ್ ಒಳಗೇ ಬಿಡಲ್ಲ."

ನನಗೆ ಇಲ್ಲದ ಮಗನೊಬ್ಬನನ್ನು ಸೇರಿಸುವ ನೆಪ ಹೇಳಿ ಒಳಗೆ ಹೋದೆ. ಬಣ್ಣದ ಪುಸ್ತಿಕೆ ಕೊಟ್ಟರು, ಗೋಡೆಯ ಮೇಲೆ ನಗುವ ಪೈಲಟ್‌ಗಳ ಫೋಟೋ ತೋರಿಸಿದರು. ಅದನ್ನೆಲ್ಲ ನೋಡಿ ಬಾಯಿ ಬಿಡಬೇಡಿ. ವಿಮಾನದ ಎಂಜಿನ್ ಓಡಿದ ಗಂಟೆ ತೋರಿಸುವ ಮೀಟರ್ ನೋಡಿ. ಪೆಟ್ರೋಲ್ ತುಂಬಿಸಿದ ರಿಜಿಸ್ಟರ್ ನೋಡಿ. ಆಮೇಲೆ ವಿದ್ಯಾರ್ಥಿಗಳು ಹಾರಿದ ಗಂಟೆ ಬರೆಯುವ ಪುಸ್ತಕ ನೋಡಿ. ಮೂರೂ ಒಂದೇ ಮಾತು ಹೇಳಬೇಕು.

ಅಲ್ಲಿ ಹೇಳಲಿಲ್ಲ.

ಇಷ್ಟು ಗಂಟೆ ಓಡಿದ ಎಂಜಿನ್ನನ್ನು ಬಿಚ್ಚಿ ನೋಡಬೇಕು ಎಂಬುದು ಒಂದು ಕಾನೂನು. ಪೈಲಟ್ ಆಗಬೇಕಾದರೆ ಇಷ್ಟು ಗಂಟೆ ಹಾರಬೇಕು ಎಂಬುದು ಇನ್ನೊಂದು. ಈ ಪುಣ್ಯಾತ್ಮರು ಎರಡರ ಕಣ್ಣಿಗೂ ಮಣ್ಣೆರಚಿದ್ದರು. ಹಿಂದಿನ ತಿಂಗಳು ಸುಟ್ಟ ಪೆಟ್ರೋಲು ತೊಂಬತ್ತು ಗಂಟೆಯದು. ಮೀಟರ್ ತೋರಿಸಿದ್ದು ಇಪ್ಪತ್ತು, ಯಾಕೆಂದರೆ ಅದರ ವೈರ್ ಬಿಚ್ಚಿಟ್ಟಿದ್ದರು. ಎಂಜಿನ್ ಬಿಚ್ಚುವ ಕಾಲ ಬರುವುದೇ ಇಲ್ಲ! ವಿದ್ಯಾರ್ಥಿಗಳ ಪುಸ್ತಕದಲ್ಲಿ ಮಾತ್ರ ಆರುನೂರು ಗಂಟೆ. ಮಿಕ್ಕ ಗಂಟೆಗಳನ್ನು ಅವರು ಹಾರಿದ್ದು ಕ್ಯಾಂಟೀನಿನಲ್ಲಿ, ಎಡಗೈಯಲ್ಲಿ ಚಹಾ, ಬಲಗೈಯಲ್ಲಿ ಪೆನ್ನು.

ಹಾಗಾದರೆ ಆ ನಿಜವಾದ ತೊಂಬತ್ತು ಗಂಟೆ? ಬಹುಪಾಲು ಒಬ್ಬಳದೇ. ಡ್ರೈವರನ ತಂಗಿಯದು.

ಹಾರಿದಷ್ಟೇ ಬರೆಯುತ್ತೇನೆ ಎಂದು ಹಟ ಹಿಡಿದಿದ್ದಳು. ಉಳಿದವರು ಅವಳನ್ನು 'ಹರಿಶ್ಚಂದ್ರನ ತಂಗಿ' ಎಂದು ಆಡಿಕೊಳ್ಳುತ್ತಿದ್ದರು. ತಮಾಷೆ ನೋಡಿ... ಕಳ್ಳ ಗಂಟೆ ಬರೆಸಿಕೊಂಡವರೆಲ್ಲ ನೆಲದ ಮೇಲೆ ಕ್ಷೇಮ. ಬಿಚ್ಚಿ ನೋಡದ ಎಂಜಿನ್ ನಂಬಿಕೊಂಡು ಮೋಡದಲ್ಲಿ ಒಬ್ಬಳೇ ಕೂತವಳು ಆ ಪ್ರಾಮಾಣಿಕ ಹುಡುಗಿ.

ಶೆಡ್ಡಿನಲ್ಲಿ ಮೆಕ್ಯಾನಿಕ್ ಸಿಕ್ಕ. ರಿಪೇರಿ ಆದ ಮೇಲಿನ ಮೊದಲ ಸುತ್ತಿಗೆ ಮೆಕ್ಯಾನಿಕ್ಕೂ ಜೊತೆಗೆ ಹತ್ತುವುದು ಆ ಕಸುಬಿನ ಹಳೆಯ ಪದ್ಧತಿ. ನೀವು ಹತ್ತುತ್ತೀರಾ ಎಂದು ಕೇಳಿದೆ. ಅವನು ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ನಂಗೆ ಎರಡು ಮಕ್ಕಳಿವೆ ಸಾರ್."

ಮೆಕ್ಯಾನಿಕ್ ಹತ್ತದ ವಿಮಾನವನ್ನು ನಿಮ್ಮ ಮಗಳು ಹತ್ತಬಾರದು. ಇದನ್ನು ಬರೆದಿಟ್ಟುಕೊಳ್ಳಿ.

ಮೂರೂ ಲೆಕ್ಕದ ಫೋಟೋ ತೆಗೆದೆ. ಕೊನೆಯ ಫೋಟೋ ತೆಗೆಯುವಾಗ ಕಾವಲುಗಾರನ ಕೈ ಕುತ್ತಿಗೆಗೆ ಬಿತ್ತು. ಹಾಗೆ ಬಂದದ್ದು ನಾನು ಪ್ರೊಪೆಲ್ಲರ್ ಮುಂದಕ್ಕೆ.

ಉಳಿಸಿದವನು ಆ ಮೆಕ್ಯಾನಿಕ್ಕೇ. ಎಂಜಿನ್ ಪರೀಕ್ಷೆಗೆಂದು ಒಳಗೆ ಕೂತಿದ್ದವನು ಸ್ವಿಚ್ ಆರಿಸಿಬಿಟ್ಟ. ಪ್ರೊಪೆಲ್ಲರ್ ನಿಂತಿತು. ಚೀಫ್ ಅವನ ಕಡೆ ತಿರುಗಿದ. ನಾನು ಕಾವಲುಗಾರನ ಪಾದದ ಮೇಲೆ ಹಿಮ್ಮಡಿ ಕುಟ್ಟಿ ಓಟ ಕಿತ್ತೆ. ಹಿಂದಿನಿಂದ ಮೆಕ್ಯಾನಿಕ್ ಕೂಗಿದ್ದು ಕೇಳಿಸಿತು: "ಆ ಹುಡುಗಿ ಹೊರಟಿದ್ದಾಳೆ... ಇನ್ನೊಂದರಲ್ಲಿ!"

ಸ್ಕೂಲಿನಲ್ಲಿ ಇದ್ದದ್ದು ಎರಡೇ ವಿಮಾನ. ಎರಡರ ವೈರೂ ಬಿಚ್ಚಿತ್ತು. ಆಕೆಗೆ ಅಂದು ಮೂರು ಗಂಟೆಯ ಒಂಟಿ ಹಾರಾಟ.

ಗೇಟಿನಾಚೆ ನಿಲ್ಲಿಸಿದ್ದ ನನ್ನ ಕಾರು ಹತ್ತಿ ಬೇಲಿ ಮುರಿದು ನುಗ್ಗಿದೆ. ಬೇಲಿಯ ತಂತಿ ಬಾನೆಟ್ಟಿಗೆ ಸುತ್ತಿಕೊಂಡು ಬಂತು. ಕಾರನ್ನು ರನ್‌ವೇ ನಡುವೆ ಅಡ್ಡ ನಿಲ್ಲಿಸಿ ಇಳಿದು ಎರಡೂ ಕೈ ಬೀಸಿದೆ. ವಿಮಾನ ಬರುತ್ತಲೇ ಇತ್ತು. ದೊಡ್ಡದಾಯಿತು... ಇನ್ನೂ ದೊಡ್ಡದಾಯಿತು... ಟೈರು ಕಿರುಚಿತು. ನನ್ನಿಂದ ಹತ್ತು ಮಾರು ದೂರದಲ್ಲಿ ನಿಂತಿತು.

ಆಕೆ ಇಳಿದು ಬಂದಳು. ನನ್ನ ಭುಜದೆತ್ತರದ ಹುಡುಗಿ.

"ಯಾರು ನೀವು? ತಲೆ ನೆಟ್ಟಗಿದೆಯಾ?"

ಅಣ್ಣ ಕಳಿಸಿದ್ದು ಎಂದೆ. ವೈರಿನ ವಿಷಯ, ಎಂಜಿನ್ ವಿಷಯ ಎಲ್ಲ ಹೇಳಿದೆ.

"ಗೊತ್ತು," ಅಂದಳು.

"ಗೊತ್ತಿದ್ದೂ ಹತ್ತಿದ್ಯಾ?"

"ಹಾರದೆ ಕಲಿಯೋದು ಹೇಗೆ ಅಂಕಲ್? ಕಲೀದೆ ನೂರಾರು ಜನರನ್ನ ಬೆನ್ನ ಹಿಂದೆ ಕೂರಿಸ್ಕೊಳ್ಳೋದು ಹೇಗೆ?"

ಉತ್ತರ ಇಲ್ಲದ ಕಡೆ ನನಗೆ ಸಿಟ್ಟು ಬರುತ್ತದೆ, ಅದು ಹುಟ್ಟುಗುಣ.

"ಎಲ್ಲರ ಹಾಗೆ ಕ್ಯಾಂಟೀನಲ್ಲಿ ಕೂತು ಬರೆಸ್ಕೊಳ್ಳಮ್ಮ. ಜೀವ ಆದ್ರೂ ಉಳಿಯುತ್ತೆ. ನಿನ್ನಣ್ಣನಿಗೆ ಬೇರೆ ಯಾರಿದ್ದಾರೆ?"

ಅವಳು ಮತ್ತೆ ಒಳಗೆ ಹತ್ತಿ ಕೂತಳು. ವಿಮಾನವನ್ನು ಶೆಡ್ಡಿನ ಕಡೆ ತಿರುಗಿಸಿದಳು.

ಮರುದಿನ ಲೈಸೆನ್ಸ್ ಕೊಡುವ ಕಚೇರಿಗೆ ಹೋದೆ. ಅಧಿಕಾರಿ ಫೋಟೋಗಳನ್ನೆಲ್ಲ ಸಾವಧಾನವಾಗಿ ನೋಡಿದರು. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ನೀವು ಹೇಳೋದು ನಿಜ," ಅಂದರು. "ನಿಜ ಅಂತ ನಾನು ಬರೆದ್ರೆ, ಆ ಸ್ಕೂಲಲ್ಲಿ ಕಲಿತ ಇನ್ನೂರ ಹನ್ನೊಂದು ಜನರನ್ನ ಇವತ್ತೇ ಇಳಿಸ್ಬೇಕು. ಅವರೆಲ್ಲ ಈಗ ಅಲ್ಲಿದ್ದಾರೆ."

ಬೆರಳು ಮೇಲಕ್ಕೆ ತೋರಿಸಿದರು. ನನ್ನ ಫೈಲಿಗೆ ದಾರ ಕಟ್ಟಿ ಕಪಾಟಿನಲ್ಲಿಟ್ಟರು. ಆಮೇಲೆ ನಾನು ಹದಿನಾಲ್ಕು ಸಲ ಹೋಗಿಬಂದೆ. ಕೊನೆಕೊನೆಗೆ ಅಲ್ಲಿನ ಜವಾನನೂ ನನ್ನನ್ನು ನೋಡಿ ಅಯ್ಯೋ ಪಾಪ ಎನ್ನುತ್ತಿದ್ದ. ಸ್ಕೂಲು ಇನ್ನೂ ನಡೆಯುತ್ತಿದೆ. ಮೆಕ್ಯಾನಿಕ್ ಮಾತ್ರ ಕೆಲಸ ಕಳೆದುಕೊಂಡ.

ಈ ವರ್ಷ ಡ್ರೈವರ್ ಮತ್ತೆ ಬಂದ. ಹೊಸ ಶರ್ಟು, ಮುಖದ ತುಂಬ ನಗು. ತಂಗಿಗೆ ಕೆಲಸ ಸಿಕ್ಕಿದೆಯಂತೆ. ದೊಡ್ಡ ವಿಮಾನ, ಪ್ರಯಾಣಿಕರನ್ನು ಕೂರಿಸಿಕೊಂಡು ಹಾರುವುದು ಇದು ಮೊದಲ ಸಲವಂತೆ. ಮನೆಯವರಿಗೆಂದು ಎರಡು ಸೀಟು. ಅವಳ ಜೀವ ಉಳಿಸಿದವರು ನೀವು, ಬರಲೇಬೇಕು ಎಂದು ನನ್ನ ಕೈ ಹಿಡಿದುಕೊಂಡ.

ವಿಮಾನ ನಿಲ್ದಾಣದಲ್ಲಿ ಅವಳು ಸಿಕ್ಕಳು. ಯೂನಿಫಾರಂ ಚೆನ್ನಾಗಿ ಒಪ್ಪುತ್ತಿತ್ತು. ಅಣ್ಣ ಬ್ಯಾಗು ತರಲು ಆಚೆ ಹೋದಾಗ ನನ್ನ ಪಕ್ಕಕ್ಕೆ ಬಂದಳು.

"ನೀವು ಹೇಳಿದ ಹಾಗೇ ಮಾಡಿದೆ ಅಂಕಲ್. ಆಮೇಲಿನ ನೂರಾ ಹತ್ತು ಗಂಟೆ ಕ್ಯಾಂಟೀನಲ್ಲೇ." ಕೈಕುಲುಕಿದಳು. "ಅಣ್ಣನಿಗೆ ಹೇಳ್ಬೇಡಿ."

ನನ್ನ ಬದುಕಿನಲ್ಲಿ ನಾನು ಕೊಟ್ಟ ಬುದ್ಧಿಮಾತನ್ನು ಪಾಲಿಸಿದವಳು ಅವಳೊಬ್ಬಳೇ. ಆಗ ನನಗೆ ಆದ ಸಂಕಟವನ್ನು ಹೇಳಲು ಬರುವುದಿಲ್ಲ. ಹಿಂದಕ್ಕೆ ಹೋಗಿಬಿಡಬಹುದಿತ್ತು. ಯಾಕೆ ಸಾರ್ ಎಂದು ಅವಳ ಅಣ್ಣ ಕೇಳಿದರೆ ಏನು ಹೇಳಲಿ? ಹತ್ತಿದೆ.

ವಿಮಾನ ಹತ್ತುವವರಿಗೆ ಏನು ಸಲಹೆ ಎಂದೂ ಕೇಳಿದಿರಿ, ಅಲ್ಲವೇ? ಕಿಟಕಿ ಸೀಟು, ರೆಕ್ಕೆಯ ಮೇಲಿನ ಸೀಟು, ತುರ್ತು ಬಾಗಿಲ ಪಕ್ಕದ ಸೀಟು... ಬೇಕಾದ್ದು ತಗೊಳ್ಳಿ. ಎಲ್ಲವೂ ಹೋಗುವುದು ಮುಂದೆ ಕೂತವರು ಒಯ್ದ ಕಡೆಗೇ.

ಬಾಗಿಲು ಮುಚ್ಚಿತು. ಸ್ಪೀಕರಿನಲ್ಲಿ ಅವಳ ದನಿ ಬಂತು. ಎಲ್ಲರಿಗೂ ಸ್ವಾಗತ ಹೇಳಿದಳು, ಹವಾಮಾನ ಹೇಳಿದಳು, ಒಂದು ಕಡೆ ತಡವರಿಸಿದಳು. ಪಕ್ಕದಲ್ಲಿ ಡ್ರೈವರ್ ಕಣ್ಣು ಒರೆಸಿಕೊಂಡ. ಸುತ್ತಲಿನವರಿಗೆಲ್ಲ ಕೇಳುವಂತೆ, ನನ್ನ ತಂಗಿ ಎಂದ. ಆಮೇಲೆ ನನ್ನ ಕಡೆ ತಿರುಗಿದ.

"ಚೆನ್ನಾಗಿ ಕಲಿತಿದ್ದಾಳೆ, ಅಲ್ವಾ ಸಾರ್?"

"ಬೆಲ್ಟ್ ಹಾಕ್ಕೊಳ್ಳಿ," ಅಂದೆ.