ಕೊಂಡವಾಡದ ಬೆಂಕಿ

2004ರ ಮಾರ್ಚ್ 12, ಶುಕ್ರವಾರ. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಮಾದನಕೇರಿ ಪಟ್ಟಣ ಪಂಚಾಯಿತಿಯ ಮುಖ್ಯಾಧಿಕಾರಿ ಬೆವರು ಒರೆಸಿಕೊಳ್ಳುತ್ತ ಠಾಣೆಯ ಮೆಟ್ಟಿಲು ಹತ್ತಿದರು.

"ಒಂದೂ ನಲವತ್ತರ ಸುಮಾರಿಗೆ ಕೊಂಡವಾಡಕ್ಕ ಯಾರೋ ಬೆಂಕಿ ಹಚ್ಚ್ಯಾರ್ರಿ. ಗಾಡಿ ಎತ್ತೂ ಟೆಂಪೊ ಪೂರಾ ಸುಟ್ಟು ಹೋತು. ಕಾವಲುಗಾರ ಅಮಸಿದ್ದ ಅದರಾಗ ಮಲಗಿದ್ದ. ವಿಜಾಪುರ ದವಾಖಾನಿಗೆ ಕಳಿಸೇವ್ರಿ."

"ಜೀವ ಐತೇನ್ರಿ?"

"ಐತ್ರಿ."

"ಹಂಗಾದ್ರ ಬರಕೊಡ್ರಿ," ಎಂದು ಪಿಎಸ್‌ಐ ಬಸಂತರಾಯ ಬಿಳಿ ಹಾಳೆಯನ್ನು ಮುಂದೆ ಸರಿಸಿದರು.

ಮೂರು ತಿಂಗಳ ಹಿಂದೆ ಮುದ್ದೇಬಿಹಾಳದಿಂದ ವರ್ಗವಾಗಿ ಬಂದಿದ್ದ ಬಸಂತರಾಯರಿಗೆ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇಂಥ ಅರ್ಜಿಗಳು ಎಷ್ಟು ಬಂದವೋ ಲೆಕ್ಕವಿರಲಿಲ್ಲ. ಈಚೆಗೆ ಏನು ಕೇಳಿದರೂ ಅವರಿಗೆ ಸಿಟ್ಟು ಬರುತ್ತಿರಲಿಲ್ಲ, ಅಯ್ಯೋ ಅನಿಸುತ್ತಲೂ ಇರಲಿಲ್ಲ. ಕೈ ಬರೆಯುತ್ತಿತ್ತು, ಕಾಲು ನಡೆಯುತ್ತಿತ್ತು. ಅಪರಾಧ ಸಂಖ್ಯೆ 31/2004, ಭಾರತೀಯ ದಂಡ ಸಂಹಿತೆ ಕಲಂ 435 ಮತ್ತು 338. ಎಫ್‌ಐಆರ್ ದಾಖಲಾದಾಗ ಎರಡು ಐವತ್ತು.

ಇಂಡಿಗೆ ಹೋಗುವ ರಸ್ತೆ ಮತ್ತು ಸಿಂದಗಿಗೆ ಹೋಗುವ ರಸ್ತೆ ಕೂಡುವ ಜಾಗವೇ ಮಾದನಕೇರಿ. ಇರುವುದು ಒಂದೇ ಬಜಾರು. ನಿಂಬೆಹಣ್ಣಿನ ಚೀಲ ಇಳಿಸುವ ಬೈಕುಗಳು, ಮಂದಿ ಹೊರುವ ಮೂರು ಗಾಲಿಯ ಟಂಟಂಗಳು, ಕಬ್ಬಿನ ಟ್ರಾಕ್ಟರುಗಳು ಎಲ್ಲಕ್ಕೂ ಅದೇ ದಾರಿ. ಜನವರಿಯಲ್ಲಿ ಪಂಚಾಯಿತಿ ರಸ್ತೆಯ ಎರಡೂ ಬದಿಗೆ ಬಿಳಿ ಪಟ್ಟಿ ಎಳೆಯಿತು. ಪಟ್ಟಿಯ ಹೊರಗೆ ಗಾಡಿ ನಿಂತರೆ ದಂಡ. ಮಾಲೀಕ ಸಿಗದಿದ್ದರೆ ಗಾಡಿ ಟೆಂಪೊ ಏರಿ, ಹಿಂದೆ ಬೆಳೆ ಮೇಯ್ದ ತುಡುಗು ದನಗಳನ್ನು ಕೂಡುತ್ತಿದ್ದ ಹಳೆಯ ಕೊಂಡವಾಡಕ್ಕೆ. ಗಾಡಿ ನಿಲ್ಲಿಸಲು ಬೇರೆ ಜಾಗ ಕೊಡುತ್ತೇವೆ ಎಂದಿದ್ದರು. ಆ ಜಾಗದಲ್ಲಿ ಇನ್ನೂ ಕಲ್ಲಿನ ರಾಶಿ ಇತ್ತು. ಹೀಗಾಗಿ ಬೆಂಕಿ ಹಚ್ಚಲು ಕಾರಣವಿದ್ದವರನ್ನು ಹುಡುಕಬೇಕೆಂದರೆ ಊರಿಗೆ ಊರನ್ನೇ ಠಾಣೆಯಲ್ಲಿ ಕೂಡಿಸಬೇಕಾಗಿತ್ತು.

ಮೂರೂವರೆಗೆ ಹೆಡ್ ಕಾನ್‌ಸ್ಟೇಬಲ್ ಶಹಾಬುದ್ದೀನ ಇಬ್ಬರು ಪಂಚರನ್ನು ಕರೆತಂದ. ಟೆಂಪೊದ ಕಬ್ಬಿಣ ಇನ್ನೂ ಬಿಸಿಯಿತ್ತು. ಮೂಲೆಯಲ್ಲಿದ್ದ ಒಂದು ಬೈಕಿನ ಟ್ಯಾಂಕಿನ ಮುಚ್ಚಳ ತೆರೆದಿತ್ತು, ಕೆಳಗೆ ರಬ್ಬರ್ ಪೈಪು ಬಿದ್ದಿತ್ತು. ಪೆಟ್ರೋಲನ್ನು ಹೊರಗಿನಿಂದ ತಂದಿಲ್ಲ, ಜಪ್ತಿಯಾದ ಗಾಡಿಯಿಂದಲೇ ಎಳೆದಿದ್ದಾರೆ ಎಂದು ಪಂಚನಾಮೆಯಲ್ಲಿ ಬರೆಸಿದರು. ಪಂಚಾಯಿತಿಯ ಕಡೆಯಿಂದ ದಂಡದ ಪಾವತಿ ಚೀಟಿ ಹರಿದುಕೊಡುವ ಗುರಪ್ಪ ಬಂದು ನಿಂತಿದ್ದ. ಐವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಆ ಬಿಸಿಲಲ್ಲೂ ಎರಡೂ ಕೈಗಳನ್ನು ಟವೆಲಿನೊಳಗೆ ಇಟ್ಟುಕೊಂಡಿದ್ದ.

"ಬೆಂಕಿ ಹತ್ತಿದಾಗ ಎಲ್ಲಿದ್ದಿ?"

"ಊಟಕ್ಕ ಮನಿಗೆ ಹೋಗಿದ್ನಿರಿ."

"ಅಮಸಿದ್ದ?"

"ಅಂವ ದಿನಾ ಒಂದು ಗಂಟೆಗೆ ಊಟಕ್ಕ ಮನಿಗೆ ಹೋಗ್ತಾನ್ರಿ. ಇವತ್ತ ಹೋಗಿದ್ದಿಲ್ಲಂತ."

ಮುಖ್ಯಾಧಿಕಾರಿಗಳಂತೂ ಹೆಸರು ಹೇಳಿಯೇ ಬಿಟ್ಟಿದ್ದರು: ಟಂಟಂ ಓಡಿಸುವ ತಬ್ರೇಜ. ನಾಲ್ಕು ಸಲ ದಂಡ ಕಟ್ಟಿದ್ದವನು, ಮೂರು ದಿನದ ಹಿಂದೆ ಸರ್ಕಲ್‌ನಲ್ಲಿ ನಿಂತು ಟೆಂಪೊಕ್ಕೆ ಬೆಂಕಿ ಬೀಳಲಿ ಎಂದು ಕೂಗಿದ್ದ. ಐದಕ್ಕೆ ಅವನನ್ನು ಠಾಣೆಗೆ ಕರೆಸಿದರು.

"ಒಂದೂ ನಲವತ್ತಕ್ಕ ಎಲ್ಲಿದ್ದಿ?"

"ಮಸೂತ್ಯಾಗ್ರಿ. ಜುಮ್ಮಾ ನಮಾಜ. ನೂರು ಮಂದಿ ನೋಡ್ಯಾರ."

"ಬೆಂಕಿ ಬೀಳ್ಲಿ ಅಂದಿದ್ದಿಲ್ಲೇನು?"

"ಅಂದೀನ್ರಿ. ಊರಾಗ ಅನ್ನದವ್ರ ಯಾರದಾರ ಕೇಳ್ರಿ. ಪೇಶಂಟ್ ಇಳಸಾಕ ನಿಂತ್ರೂ ದಂಡ, ಮಂದಿ ಹತ್ತಾಕ ನಿಂತ್ರೂ ದಂಡ. ನಾ ಟಂಟಂ ಎಲ್ಲಿ ನಿಲ್ಲಸ್ಲಿ, ತಲಿ ಮ್ಯಾಲ ಇಟಗೊಳ್ಳೇನ್ರಿ? ಅಂದೀನಿ, ಖರೆ. ಹಚ್ಚಿಲ್ಲ."

ಶಹಾಬುದ್ದೀನ ಮಸೀದಿಗೆ ಹೋಗಿ ವಿಚಾರಿಸಿ ಬಂದ. ತಬ್ರೇಜ ಸುಳ್ಳು ಹೇಳಿರಲಿಲ್ಲ. ಆರೂವರೆಗೆ ಹೇಳಿಕೆ ಬರೆದುಕೊಂಡು ಅವನನ್ನು ಕಳಿಸಿದರು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಬಸಂತರಾಯ ವಿಜಾಪುರದ ಆಸ್ಪತ್ರೆಯಲ್ಲಿದ್ದರು. ಅಮಸಿದ್ದನ ಬೆನ್ನು, ಎಡಗೈ ಸುಟ್ಟಿದ್ದವು. ಬದುಕುತ್ತಾನೆ, ಆದರೆ ಎಡಗೈ ಮೊದಲಿನಂತಾಗುವುದಿಲ್ಲ ಎಂದರು ಡಾಕ್ಟರು. ಹೇಳಿಕೆ ಕೊಡಬಲ್ಲ ಸ್ಥಿತಿಯಲ್ಲಿದ್ದಾನೆ ಎಂದು ಬರೆದೂ ಕೊಟ್ಟರು.

"ನಿನ್ನೆ ಮನಿಗೆ ಯಾಕ ಹೋಗಲಿಲ್ಲ?"

"ಹೆಂಡ್ತಿ ಅಗರಖೇಡಕ್ಕ ತವರಿಗೆ ಹೋಗ್ಯಾಳ್ರಿ. ಬುತ್ತಿ ಬಿಚ್ಚಿ ಉಂಡು, ಟೆಂಪೊದಾಗ ಅಡ್ಡಾದ್ನಿ. ಮೈಗೆ ಬಿಸಿ ತಾಕಿದಾಗ ಎಚ್ಚರಾತು."

"ಹೊರಗ ಹೆಂಗ ಬಂದಿ?"

"ಯಾರೋ ಕಾಲು ಹಿಡದು ಎಳದ್ರು."

"ಯಾರು?"

"ಹೊಗಿ ತುಂಬಿತ್ರಿ," ಎಂದು ಅಮಸಿದ್ದ ಮುಖವನ್ನು ಗೋಡೆಯ ಕಡೆ ತಿರುಗಿಸಿದ.

ಹಿಂದಿರುಗುವಾಗ ಜೀಪು ವಿಜಾಪುರ ದಾಟಿತು. ಬಸಂತರಾಯ ಕೇಳಿದರು: "ಶಹಾಬುದ್ದೀನ, ಸುಡೂ ಗಾಡಿಯಿಂದ ಒಬ್ಬನ್ನ ಎಳದು ಬದುಕಿಸಿದಾಂವ ಏನ್ ಮಾಡ್ತಾನ?"

"ಊರ ತುಂಬ ಹೇಳಕೋತ ತಿರಗತಾನ್ರಿ. ಮಂದಿ ಮಾಲಿ ಹಾಕ್ತಾರ."

"ಈ ಎಳದಾಂವ ಯಾಕ ಹೇಳವಲ್ಲ?"

ಶಹಾಬುದ್ದೀನ ಇವರ ಕಡೆ ತಿರುಗಿ, "ಬೆಂಕಿ ಹಚ್ಚಿದಾಂವನ ಇವನ್ನ ಎಳದಾನ್ರಿ ಸಾಹೇಬ್ರ," ಎಂದ.

"ಹಂಗಾದ್ರ ಕೈ ಸುಟ್ಟಿರಬೇಕು."

ಊರಿಗೆ ಬಂದವರೇ ಸರಕಾರಿ ದವಾಖಾನೆಯ ರಜಿಸ್ಟರ್ ನೋಡಿದರು. ಸುಟ್ಟ ಗಾಯದವರು ಯಾರೂ ಬಂದಿರಲಿಲ್ಲ. ಊರಲ್ಲಿದ್ದ ಮೂರು ಔಷಧ ಅಂಗಡಿಗಳಲ್ಲಿ ಎರಡರಲ್ಲಿ ಇಲ್ಲ ಎಂದರು. ಮೂರನೆಯದು ಸರ್ಕಲ್‌ನಲ್ಲಿದ್ದ ಅನೀಲಕುಮಾರನ ಅಂಗಡಿ. ಅವನ ಗಾಡಿಯೂ ಎರಡು ಸಲ ಕೊಂಡವಾಡ ಕಂಡು ಬಂದಿತ್ತು.

"ನಿನ್ನೆ ಮಧ್ಯಾಹ್ನ ಸುಟ್ಟ ಗಾಯದ ಮುಲಾಮು ಯಾರರ ಒಯ್ದಾರೇನು?"

"ಒಯ್ದಿಲ್ರಿ."

"ಕೇಳ್ಯಾರೇನು?"

ಅನೀಲಕುಮಾರ ಚೀಟಿಗಳನ್ನು ಮೊಳೆಗೆ ಚುಚ್ಚುತ್ತ ಸಹಜವಾಗಿ ಹೇಳಿದ: "ಗುರಪ್ಪ ಬಂದಿದ್ದ. ಎರಡರ ಸುಮಾರು. ಕೈ ತೋರಿಸಿ ಬೇಡಿದ. ಇಲ್ಲ ಅಂದ್ನಿ."

"ಸ್ಟಾಕ್ ಇರಲಿಲ್ಲೇನು?"

"ಇತ್ರಿ. ಅಂವಗ ನಾವು ಕೊಡೂದಿಲ್ಲ. ಬಜಾರದಾಗ ಯಾರೂ ಕೊಡೂದಿಲ್ರಿ. ಚಾದಂಗಡಿ, ಕಿರಾಣಿ, ಕಟಿಂಗ್ ಶಾಪ್, ಎಲ್ಲಾರೂ ಮಾತಾಡಕೊಂಡೇವಿ. ಎರಡು ತಿಂಗಳಾತು."

"ಸುಟ್ಟ ಕೈ ನೋಡಿ ನೀ ಠಾಣೆಗೆ ಯಾಕ ಬರಲಿಲ್ಲ?"

"ಆ ಟೆಂಪೊ ಸುಟ್ಟದ್ದು ಚಲೋ ಆತಲ್ರಿ," ಎಂದ ಅನೀಲಕುಮಾರ. ಅವನ ಮುಖದಲ್ಲಿ ನಾಚಿಕೆಯಾಗಲಿ ಭಯವಾಗಲಿ ಇರಲಿಲ್ಲ. ಬಸಂತರಾಯ ಅವನ ಹೇಳಿಕೆಯನ್ನೂ ಬರೆದುಕೊಂಡರು.

ಸಂಜೆ ನಾಲ್ಕು ಇಪ್ಪತ್ತಕ್ಕೆ ಅವರು ಗುರಪ್ಪನ ಮನೆಯ ಬಾಗಿಲಲ್ಲಿ ನಿಂತಾಗ ಅವನ ಹೆಂಡತಿ ಹೊನ್ನವ್ವ ಲೋಳೆಸರವನ್ನು ಸೀಳಿ ಗಂಡನ ಅಂಗೈಗೆ ಸವರುತ್ತಿದ್ದಳು. ಪೊಲೀಸರನ್ನು ಕಂಡು ಅವಳು ಎದ್ದಳು, ಅವನು ಏಳಲಿಲ್ಲ. ಅಂಗೈಯ ಚರ್ಮ ಸುಲಿದು ಕೆಂಪಗಾಗಿತ್ತು.

"ನಾನ ಹಚ್ಚೀನ್ರಿ," ಎಂದ ಗುರಪ್ಪ, ಕೇಳುವ ಮೊದಲೇ.

ಬಸಂತರಾಯ ಕಟ್ಟೆಯ ಮೇಲೆ ಕುಳಿತರು. "ಯಾಕ?"

"ಹತ್ತೊಂಬತ್ತು ವರ್ಸ ಈ ಊರಿಗೆ ನೀರು ಬಿಟ್ಟೀನ್ರಿ. ಯಾವ ಓಣಿಗೆ ಹೋದ್ರೂ ಕರದು ಚಾ ಕುಡಸ್ತಿದ್ರು. ಜನವರಿಗೆ ಪಾವತಿ ಪುಸ್ತಕ ಕೈಗೆ ಕೊಟ್ರು. ವಲ್ಲೆ ಅಂದ್ನಿ. ನೌಕರಿ ಬೇಕೋ ಬ್ಯಾಡೋ ಅಂದ್ರು. ಬರದ್ನಿ. ಆಮ್ಯಾಲ ಯಾರೂ ಮಾತಾಡವಲ್ರು. ಅದನ್ನೂ ತಡಕೊಂಡ್ನಿರಿ."

"ಮತ್ತ?"

"ಫೆಬ್ರುವರಿ ಇಪ್ಪತ್ನಾಕಕ್ಕ ನಮ್ಮವ್ವ ತೀರಿಕೊಂಡ್ಲು. ಮಣ್ಣಿಗೆ ಯಾರೂ ಬರಲಿಲ್ರಿ. ಬಾಗಲ ತೆರದು ನೋಡಿದ್ರು, ಮತ್ತ ಹಾಕ್ಕೊಂಡ್ರು. ಅವ್ವನ ಕೈಯಾಗ ಹುಟ್ಟಿದ ಮಕ್ಕಳದಾವ್ರಿ ಈ ಓಣ್ಯಾಗ, ಸೂಲಗಿತ್ತಿ ಇದ್ಲು ಆಕಿ. ಹೆಗಲು ಕೊಡಾಕ ನಾಕು ಮಂದಿ ಬೇಕು. ಇದ್ದಾವ್ರು ಇಬ್ಬರ, ನಾನು ಮತ್ತ ಅಮಸಿದ್ದಣ್ಣ. ಎರಡು ತಾಸು ಕಾದ್ವಿ. ಬಿಸಿಲಾತು."

ಹೊನ್ನವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಕಡೀಕ ಅಮಸಿದ್ದಣ್ಣ ಟೆಂಪೊ ತಂದ. ಅವ್ವನ್ನ ಅದರಾಗ ಹಾಕ್ಕೊಂಡು ಹೋದ್ವಿ. ಎರಡು ಜಪ್ತಿ ಗಾಡಿ ಅದರಾಗ ಇನ್ನೂ ಇದ್ದೂರಿ. ಇಳಸಾಕ ಆಗಿದ್ದಿಲ್ಲ. ಗಾಡಿ ನಡುವ ಆಕಿ. ಬಜಾರದಾಗ ಹಾದ್ವಿ. ಮಂದಿ ನಕ್ಕರು. ದಂಡ ಕಟ್ಟಿ ಬಿಡಸ್ಕೊಂಡ ಬಾ ಅಂದ ಒಬ್ಬಾಂವ."

ಅವನ ದನಿಯಲ್ಲಿ ಏರಿಳಿತವಿರಲಿಲ್ಲ. ಪಾವತಿ ಓದಿದ ಹಾಗೆ ಹೇಳುತ್ತಿದ್ದ.

"ಮೂರನೇ ದಿನಕ್ಕ ಮತ್ತ ಅದ ಟೆಂಪೊದಾಗ ಕುಂತು ಪಾವತಿ ಬರಿಬೇಕಾತು. ನೀರಿನ ಕೆಲಸಕ್ಕ ಹಾಕ್ರಿ ಅಂತ ಕೈ ಮುಗದ್ನಿ. ಬರೂ ತಿಂಗಳ ನೋಡೂನು ಅಂದ್ರು. ಟೆಂಪೊ ಇರಬಾರದು ಅನಸ್ತು. ಅಷ್ಟ. ಅಣ್ಣ ಒಳಗ ಅದಾನಂತ ದೇವ್ರಾಣಿ ಗೊತ್ತಿದ್ದಿಲ್ರಿ. ಬೆಂಕಿ ಹತ್ತಿದ ಮ್ಯಾಲ ಕಾಲು ಕಂಡೂರಿ, ಹಿಡದು ಎಳದ್ನಿ."

ಸಂಜೆ ಐದು ಗಂಟೆಗೆ ದಸ್ತಗಿರಿ. ಶಹಾಬುದ್ದೀನ ಬೇಡಿಯನ್ನು ಹೊರತೆಗೆದ. ಗಾಯ ನೋಡಿ, ಎಲ್ಲಿ ಹಾಕಬೇಕೆಂದು ತಿಳಿಯದೆ ಮತ್ತೆ ಜೇಬಿನಲ್ಲಿಟ್ಟ. ಮೊದಲು ಸರಕಾರಿ ದವಾಖಾನೆಗೆ ಒಯ್ದು ಪಟ್ಟಿ ಕಟ್ಟಿಸಿದರು. ಭಾನುವಾರ ಇಂಡಿ ಪಟ್ಟಣದ ನ್ಯಾಯಾಧೀಶರ ಮನೆಯಲ್ಲಿ ಹಾಜರುಪಡಿಸಿದಾಗ, ಪೊಲೀಸರ ಮೇಲೆ ದೂರಿದೆಯೇ ಎಂದು ಅವರು ಕೇಳಿದರು.

"ಇಲ್ರಿ."

ಹದಿನಾಲ್ಕು ದಿನದ ನ್ಯಾಯಾಂಗ ಬಂಧನವಾಯಿತು. ಅಪರಾಧದ ಉದ್ದೇಶ ಎಂಬಲ್ಲಿ ಬಸಂತರಾಯ ಕೆಲಸದ ಮೇಲಿನ ಅಸಮಾಧಾನ ಎಂದು ಬರೆದರು. ಸುಳ್ಳಲ್ಲ. ಉಳಿದದ್ದನ್ನು ಬರೆಯಲು ಯಾವ ಕಲಮೂ ಅವರಿಗೆ ನೆನಪಾಗಲಿಲ್ಲ. ಬಾಗಿಲು ಹಾಕಿಕೊಳ್ಳುವುದು ಯಾವ ಕಾನೂನಿನಲ್ಲೂ ಅಪರಾಧವಲ್ಲ.

ಮಾರ್ಚ್ 17ರಂದು ಅಮಸಿದ್ದನ ಮರುಹೇಳಿಕೆಗೆಂದು ಮತ್ತೆ ವಿಜಾಪುರಕ್ಕೆ ಹೋದರು. ಅವನು ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದ.

"ನಿನ್ನ ಎಳದಾಂವ ಗುರಪ್ಪ. ಬೆಂಕಿ ಹಚ್ಚಿದಾಂವನೂ ಅವನ."

"ಗೊತ್ತಿತ್ರಿ."

"ಅವತ್ತ ಗೊತ್ತಿತ್ತೇನು?"

"ಅವತ್ತ. ಎಳಕೋತ ಅಣ್ಣಾ ಅಣ್ಣಾ ಅಂತ ಅಳಾಕತ್ತಿದ್ದ."

"ಮೊದಲ ಯಾಕ ಹೇಳಲಿಲ್ಲ?"

ಅಮಸಿದ್ದ ಗಂಜಿಯ ಬಟ್ಟಲನ್ನು ಬಲಗೈಯಿಂದ ನಿಧಾನ ಕೆಳಗಿಟ್ಟ. "ಊರೆಲ್ಲಾ ಬಿಟ್ಟೈತ್ರಿ ಅವನ್ನ. ನಾನೂ ಬಿಟ್ರ ಹೆಂಗ್ರಿ?"

ಬಸಂತರಾಯ ಅದನ್ನು ಅವನ ಮಾತಿನಲ್ಲೇ ಬರೆದುಕೊಂಡು, ಓದಿ ಹೇಳಿದರು. ಸರಿಯಿದೆ ಎಂದ. ಇಂಥ ಹೇಳಿಕೆಗೆ ಸಹಿ ಬೇಕಿರಲಿಲ್ಲ. ಪ್ಯಾಡು ಮುಚ್ಚಿ, ಪೆನ್ನು ಜೇಬಿಗಿಟ್ಟುಕೊಂಡು, ಅವರು ಇನ್ನೂ ಸ್ವಲ್ಪ ಹೊತ್ತು ಆ ಸ್ಟೂಲಿನ ಮೇಲೆಯೇ ಕುಳಿತಿದ್ದರು.