ವಿಶ್ರಾಂತಿಗೆ ಬಿಟ್ಟ ಮೂರನೆಯ ಸರ್ವರ್

ದಿನಾಂಕ 3-10-2025, ಶುಕ್ರವಾರ. ವಿಜಯದಶಮಿಯ ಮರುದಿನ ಬೆಳಿಗ್ಗೆ 10.20ಕ್ಕೆ ಮದ್ರಾಸಿನ ಓಎಂಆರ್ ರಸ್ತೆಯ ಸೈಬರ್ ಅಪರಾಧ ಠಾಣೆಗೆ ಒಂದು ದೂರು ಬಂತು. ತಂದವರು ಶೋಳಿಂಗನಲ್ಲೂರಿನ ಮರುತಂ ಹೆಲ್ತ್‌ಡೆಸ್ಕ್ ಎಂಬ ಕಂಪನಿಯ ಭದ್ರತಾ ಮುಖ್ಯಸ್ಥ ವಿಷ್ಣುಮೂರ್ತಿ. ಆಸ್ಪತ್ರೆಗಳ ವಿಮೆ ಅರ್ಜಿಗಳನ್ನು ಪರಿಶೀಲಿಸುವ ಕಂಪನಿ ಅದು. ಮೂರು ಸಾವಿರ ನೌಕರರಲ್ಲಿ ಮುಕ್ಕಾಲು ಪಾಲು ಮನೆಯಿಂದಲೇ ಕೆಲಸ ಮಾಡುವವರು. ವಿಷ್ಣುಮೂರ್ತಿ ದೂರಿನ ಜೊತೆಗೆ ಅಪರಾಧಿಯ ಹೆಸರನ್ನೂ ತಂದಿದ್ದರು. ಹೋಗಿ ಹಿಡಿದು ತರುವುದಷ್ಟೇ ಪೊಲೀಸರಿಗೆ ಉಳಿದ ಕೆಲಸ ಎಂಬುದು ಅವರ ಎಣಿಕೆ.

ಆಯುಧಪೂಜೆಯ ದಿನ, ಅಂದರೆ ಒಂದನೇ ತಾರೀಕು ಮಧ್ಯಾಹ್ನ 3.12ಕ್ಕೆ, ಯಾರೋ ಹೊರಗಿನಿಂದ, ಮನೆಯಲ್ಲಿ ಕೂತವರು ಒಳಬರಲು ಬಳಸುವ ವಿಪಿಎನ್ ಮೂಲಕ ಕಂಪನಿಯ ಜಾಲದೊಳಗೆ ಬಂದು ಅರವತ್ತೆರಡು ಸಾವಿರ ರೋಗಿಗಳ ವಿವರಗಳಿದ್ದ ಕಡತವನ್ನು ನಕಲು ಮಾಡಿಕೊಂಡಿದ್ದರು. ಸಂಜೆ ನಿರ್ದೇಶಕರೆಲ್ಲರಿಗೂ ಹೆಸರಿಲ್ಲದ ಒಂದು ಮೇಲ್ ಬಂದಿತ್ತು. ನಿಮ್ಮ ಬಾಗಿಲು ಎಷ್ಟು ಭದ್ರವೆಂದು ನೋಡಿಕೊಳ್ಳಿ ಎಂದು ಅದರಲ್ಲಿ ಹಂಗಿಸಲಾಗಿತ್ತು. ಒಳಗೆ ಬರಲು ಬಳಸಿದ ಐಡಿ ವೀಕ್ಷಾ ಎಂಬ ಇಪ್ಪತ್ತಾರು ವರ್ಷದ ಸಪೋರ್ಟ್ ಎಂಜಿನಿಯರಳದು. ಆಕೆಯನ್ನು ಆಗಲೇ ಅಮಾನತು ಮಾಡಿದ್ದರು. ಸೋಮವಾರ ಸಂಜೆ ಐದಕ್ಕೆ ಶಿಸ್ತು ಸಮಿತಿ ಸೇರಿ ಕೆಲಸದಿಂದ ವಜಾ ಮಾಡುವುದೆಂದೂ ನಿರ್ಧಾರವಾಗಿತ್ತು.

ಇನ್‌ಸ್ಪೆಕ್ಟರ್ ಸುಮತಿ ಪೆರಂಬೂರಿನ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಹುಟ್ಟಿ ಬೆಳೆದ ಕನ್ನಡದವರು. ಇಪ್ಪತ್ತು ವರ್ಷದ ಸೇವೆಯಲ್ಲಿ ತಟ್ಟೆಯಲ್ಲಿಟ್ಟು ಕೊಟ್ಟ ಅಪರಾಧಿಗಳನ್ನು ಸಾಕಷ್ಟು ನೋಡಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವರಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66 ಮತ್ತು 66-ಸಿ ಅಡಿ ಎಫ್‌ಐಆರ್ ದಾಖಲಿಸಿದರು. ದೂರಿನಲ್ಲಿ ಹೆಸರಿದ್ದ ಕಾರಣ ಆರೋಪಿಯ ಕಾಲಂನಲ್ಲಿ ವೀಕ್ಷಾಳ ಹೆಸರು ಬರೆಯಲೇಬೇಕಾಯಿತು. ಬಂಧನ ಯಾವಾಗ ಎಂದು ವಿಷ್ಣುಮೂರ್ತಿ ಎರಡು ಸಲ ಕೇಳಿದರು. ತನಿಖೆ ಆದ ಮೇಲೆ ಎಂದು ಸುಮತಿ ಎರಡು ಸಲವೂ ಹೇಳಿದರು.

ಮಧ್ಯಾಹ್ನ 12.15ಕ್ಕೆ ವೀಕ್ಷಾ ವಿಚಾರಣೆಗೆ ಬಂದಳು. ಜೊತೆಗೆ ತಂದೆ ಐತಪ್ಪ, ಎಗ್ಮೋರ್ ಸ್ಟೇಷನ್ನಿನ ಎದುರಿನ ಸಸ್ಯಾಹಾರಿ ಹೋಟೆಲಿನಲ್ಲಿ ಮೂವತ್ತೊಂದು ವರ್ಷದಿಂದ ಸೂಪರ್‌ವೈಸರ್. ಮೂಲ್ಕಿ ಕಡೆಯವರು. ಒಗೆದು ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಬಂದು, ಕೂರಲು ಹೇಳಿದರೂ ನಿಂತೇ ಇದ್ದರು.

"ಬುಧವಾರ ಮೂರು ಗಂಟೆಗೆ ಎಲ್ಲಿದ್ದೆ?" ಎಂದು ಸುಮತಿ ಕೇಳಿದರು.

"ಅಪ್ಪನ ಹೋಟೆಲಲ್ಲಿ ಮೇಡಂ. ಪೂಜೆ ಇತ್ತು."

"ಲ್ಯಾಪ್‌ಟಾಪ್ ಎಲ್ಲಿತ್ತು?"

"ಅದನ್ನೂ ಪೂಜೆಗೆ ಇಟ್ಟಿದ್ದೆವು, ಗ್ರೈಂಡರಿನ ಹತ್ರ. ಮರುದಿನದವರೆಗೆ ಮುಟ್ಲಿಕ್ಕಿಲ್ಲ."

"ನಿನ್ನ ಪಾಸ್‌ವರ್ಡ್ ಬೇರೆ ಯಾರಿಗೆ ಗೊತ್ತು?"

ವೀಕ್ಷಾ ನಿಜವನ್ನೇ ಹೇಳಿದಳು. ಎರಡು ವರ್ಷದ ಹಿಂದೆ ಕಂಪನಿ ನಾಲ್ಕನೆಯ ವಿಪಿಎನ್ ಸರ್ವರ್ ಸೇರಿಸಿದಾಗ, ಲೋಡ್ ಬ್ಯಾಲೆನ್ಸಿಂಗ್ ಸರಿಯಾಗಿದೆಯೇ ಎಂದು ನೋಡಲು ಹತ್ತು ಜನರ ಐಡಿ ಪಡೆದಿದ್ದರು. ಹತ್ತಕ್ಕೂ ಒಂದೇ ಪಾಸ್‌ವರ್ಡ್, ಓಟಿಪಿ ಇಲ್ಲ. ಪರೀಕ್ಷೆ ಮುಗಿದ ಮೇಲೆ ಅದನ್ನು ಸರಿಪಡಿಸಲು ಯಾರಿಗೂ ನೆನಪಾಗಲಿಲ್ಲ, ಇವಳಿಗೂ ಆಗಲಿಲ್ಲ. ಹಾಗಾಗಿ ಪಾಸ್‌ವರ್ಡ್ ಗೊತ್ತಿದ್ದವರು ನೆಟ್‌ವರ್ಕ್ ವಿಭಾಗವೂ ಸೇರಿ ಹದಿನಾಲ್ಕು ಜನ.

ಲೋಡ್ ಬ್ಯಾಲೆನ್ಸಿಂಗ್ ಎಂದರೇನೆಂದು ತನಗೆ ಅರ್ಥವಾಗುವ ಹಾಗೆ ಹೇಳಲು ಸುಮತಿ ಕೇಳಿದರು. ಹುಡುಗಿ ತಂದೆಯ ಕಡೆ ನೋಡಿದಳು.

"ಅಪ್ಪ ಮಾಡುವ ಕೆಲಸವೇ ಮೇಡಂ. ಹೋಟೆಲಿಗೆ ಬಾಗಿಲು ಒಂದೇ, ಹಾಲ್ ನಾಲ್ಕು. ಅಪ್ಪ ಬಾಗಿಲಲ್ಲಿ ನಿಂತು ಯಾವ ಹಾಲಲ್ಲಿ ಜಾಗ ಉಂಟು ಅಂತ ನೋಡಿ ಬಂದವರನ್ನು ಅಲ್ಲಿಗೆ ಕಳಿಸ್ತಾರೆ. ನಮ್ಮಲ್ಲಿಯೂ ಹಾಗೆ. ಮನೆಯಿಂದ ಲಾಗಿನ್ ಆಗುವವರಿಗೆಲ್ಲ ಒಂದೇ ಹೆಸರಿನ ಬಾಗಿಲು. ಒಳಗೆ ನಾಲ್ಕು ಸರ್ವರ್. ಬಾಗಿಲಲ್ಲಿ ಬ್ಯಾಲೆನ್ಸರ್ ನಿಂತಿರ್ತದೆ."

"ಒಂದು ಹಾಲ್ ತೊಳೀತಾ ಇದ್ರೆ ಅಲ್ಲಿಗೆ ಯಾರನ್ನೂ ಬಿಡ್ಲಿಕ್ಕಿಲ್ಲ," ಎಂದು ಐತಪ್ಪ ತಮ್ಮ ಕಸುಬಿನ ಮಾತೊಂದನ್ನು ಸೇರಿಸಿದರು. ಹೊರಡುವಾಗ ಮಾತ್ರ ಅವರ ದನಿ ಇಳಿಯಿತು. "ಮೇಡಂ, ಕಳ್ಳಿ ಅಂತ ಒಂದ್ಸಲ ಬರೆದ್ರೆ ಈ ಕೆಲಸದಲ್ಲಿ ಇವಳನ್ನು ಯಾರೂ ಒಳಗೆ ಸೇರಿಸುದಿಲ್ಲ. ನೀವು ಸರೀ ನೋಡಿ, ಅಷ್ಟೇ ನಾನು ಕೇಳುದು."

ಶನಿವಾರ, 4-10-2025, ಬೆಳಿಗ್ಗೆ 11 ಗಂಟೆಗೆ ಸುಮತಿ ಹೆಡ್ ಕಾನ್‌ಸ್ಟೆಬಲ್ ಏಳುಮಲೈ ಮತ್ತು ಇಬ್ಬರು ಪಂಚರೊಂದಿಗೆ ಕಂಪನಿಯ ಸರ್ವರ್ ಕೋಣೆಗೆ ಹೋದರು. ಎಲ್ಲವನ್ನೂ ತೋರಿಸಿದವನು ನೆಟ್‌ವರ್ಕ್ ವಿಭಾಗದ ಸಂತೋಷ್, ಮೂವತ್ತಾರು ವರ್ಷ, ಮದ್ರಾಸಿನಲ್ಲೇ ಬೆಳೆದ ಬ್ಯಾಂಕಿನವರ ಮಗ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ, ಯಾರು ಯಾವಾಗ ಬಂದರೆಂದು ಯಂತ್ರಗಳೇ ಬರೆದಿಡುವ ಲಾಗ್‌ಗಳನ್ನು ಕೇಳದೆಯೇ ತೆಗೆದುಕೊಟ್ಟ. ಸಾಕ್ಷಿದಾರ ಎಂದರೆ ಹೀಗಿರಬೇಕು ಎಂದು ಏಳುಮಲೈಗೇ ಅನ್ನಿಸಿತು.

ಏಳುಮಲೈಗೆ ಒಂದು ಅಭ್ಯಾಸ. ಪಂಚನಾಮೆ ಬರೆಯಲು ಕೂತರೆ ಗೋಡೆಯ ಹಲ್ಲಿಯನ್ನೂ ಬಿಡುವುದಿಲ್ಲ. ಠಾಣೆಯಲ್ಲಿ ಎಲ್ಲರೂ ಅವರನ್ನು ಇದಕ್ಕೇ ಗೇಲಿ ಮಾಡುತ್ತಾರೆ. ಸಾಲಾಗಿದ್ದ ನಾಲ್ಕು ಸರ್ವರ್‌ಗಳಲ್ಲಿ ಮೂರನೆಯದಕ್ಕೆ ಮಾತ್ರ ಗಂಧ, ಕುಂಕುಮ, ಒಣಗಿದ ಸೇವಂತಿಗೆ ಇದ್ದದ್ದನ್ನು ಅವರು ಗಮನಿಸಿ ಕಾರಣ ಕೇಳಿದರು. ಉತ್ತರ ಕೊಟ್ಟವಳು ಕೋಣೆ ಗುಡಿಸುವ ಅನಸೂಯ. ಆಯುಧಪೂಜೆಗೆ ಎಲ್ಲ ಯಂತ್ರಗಳಿಗೂ ರಜೆ ಕೊಡಲು ಕಂಪನಿಗೆ ಆಗುವುದಿಲ್ಲವಾದ್ದರಿಂದ, ಎಲ್ಲದರ ಪರವಾಗಿ ಮೂರನೆಯದನ್ನು ಪೂಜಿಸಿ ವಿಶ್ರಾಂತಿಗೆ ಬಿಡುತ್ತಾರಂತೆ. ಒಂದನೇ ತಾರೀಕು ಮಧ್ಯಾಹ್ನ ಬಿಟ್ಟರೆ ಮೂರನೇ ತಾರೀಕು ಬೆಳಿಗ್ಗೆಯೇ ಮತ್ತೆ ಕೆಲಸಕ್ಕೆ. ಪ್ರತಿ ವರ್ಷದ ಪದ್ಧತಿ, ಸಂತೋಷ್ ಸಾರೇ ಶುರು ಮಾಡಿದ್ದು. ಅದೆಲ್ಲ ಸುಮ್ಮನೆ ಶಾಸ್ತ್ರಕ್ಕೆ ಎಂದು ಸಂತೋಷ್ ಮಾತು ತಿರುಗಿಸಿದ. ಏಳುಮಲೈ ಅದನ್ನೂ ಬರೆದುಕೊಂಡರು.

ಭಾನುವಾರ ಸುಮತಿ ಠಾಣೆಯಲ್ಲಿ ಕಾಗದಗಳನ್ನು ಹರಡಿಕೊಂಡು ಕೂತರು. ಒಳಗೆ ಬಂದ ಪ್ರತಿಯೊಬ್ಬರಿಗೂ ಸರ್ವರ್ ಒಂದು ತಾತ್ಕಾಲಿಕ ವಿಳಾಸ ಕೊಡುತ್ತದೆ, ಮತ್ತು ಒಂದೊಂದು ಸರ್ವರಿಗೂ ತನ್ನದೇ ವಿಳಾಸಗಳ ಕಂತೆ ಇದೆ. ಇಷ್ಟು ವಿಷಯ ಲಾಗ್‌ಗಳ ಜೊತೆ ಬಂದ ಪಟ್ಟಿಯಲ್ಲೇ ಇತ್ತು. ಕಡತವಿದ್ದ ಕಂಪ್ಯೂಟರ್ ತನ್ನ ಬಳಿ ಬಂದವರ ಐಡಿ ಮತ್ತು ವಿಳಾಸ ಬರೆದಿಟ್ಟುಕೊಂಡಿತ್ತು. 3.12ಕ್ಕೆ ಬಂದ 'ವೀಕ್ಷಾ'ಳ ವಿಳಾಸ ಮೂರನೆಯ ಸರ್ವರಿನ ಕಂತೆಯದು. ಆದರೆ ಬ್ಯಾಲೆನ್ಸರಿನ ಲಾಗ್ ಪ್ರಕಾರ ಒಂದನೇ ತಾರೀಕು ಮಧ್ಯಾಹ್ನದಿಂದ ಮೂರನೇ ತಾರೀಕಿನ ಬೆಳಿಗ್ಗೆಯವರೆಗೆ ಮೂರನೆಯದಕ್ಕೆ ಕಳಿಸಿದವರ ಸಂಖ್ಯೆ ಸೊನ್ನೆ. ಮೂರನೆಯದರ ಸ್ವಂತ ಲಾಗೂ ಖಾಲಿ.

ಸುಮತಿ ಆ ಸೊನ್ನೆಗೆ ಪೆನ್ನಿನಿಂದ ಸುತ್ತು ಹಾಕಿದರು. ತೊಳೆಯುತ್ತಿದ್ದ ಹಾಲಿನಲ್ಲಿ ಯಾರೋ ಕೂತು ಊಟ ಮಾಡಿ ಎದ್ದಿದ್ದಾರೆ. ಬಾಗಿಲಲ್ಲಿ ನಿಂತವನು ಬಿಟ್ಟಿಲ್ಲ. ಎಂದರೆ ಬಂದದ್ದು ಅಡುಗೆಮನೆಯ ಕಡೆಯಿಂದ. ಆ ಕಡೆಯ ವಿಳಾಸ ವೀಕ್ಷಾಳಿಗೆ ಗೊತ್ತಿರುವ ಹಾಗಿರಲಿಲ್ಲ. ಮೂರು ಸಾವಿರ ಜನರಿಗೆ ಗೊತ್ತಿದ್ದದ್ದು ಮುಂಬಾಗಿಲಿನ ಹೆಸರೊಂದೇ. ಸುಮತಿಗೆ ಎಷ್ಟು ಖುಷಿಯಾಯಿತೆಂದರೆ ಏಳುಮಲೈಯನ್ನು ಕರೆದು ಆ ಪಂಚನಾಮೆಯನ್ನು ಎಲ್ಲರ ಮುಂದೆ ಹೊಗಳಿದರು. ಗೇಲಿ ಮಾಡುತ್ತಿದ್ದವರು ಬಾಯಿ ಮುಚ್ಚಿಕೊಂಡರು.

ಮೂರನೆಯ ಸರ್ವರಿನ ಸ್ವಂತ ವಿಳಾಸ ಯಾರಿಗೆ ಗೊತ್ತು ಎಂದು ಅಡ್ಯಾರಿನ ಮನೆಯಲ್ಲಿದ್ದ ವಿಷ್ಣುಮೂರ್ತಿಗೆ ಫೋನ್ ಮಾಡಿ ಕೇಳಿದರು. ಸಂತೋಷ್‌ಗೆ ಮತ್ತು ತನಗೆ ಮಾತ್ರ ಎಂದು ಅವರು ಹೆಮ್ಮೆಯಿಂದಲೇ ಹೇಳಿದರು. ಬುಧವಾರ ಮಧ್ಯಾಹ್ನ ತಾವೆಲ್ಲಿದ್ದಿರಿ ಎಂದಾಗ ಹೆಮ್ಮೆ ಇಳಿಯಿತು. ಹೆಂಡತಿ ಕೂರಿಸಿದ್ದ ದಸರಾ ಬೊಂಬೆಗಳ ಕೊಲು ನೋಡಲು ಬಂದ ನಲವತ್ತು ಹೆಂಗಸರಿಗೆ ಕಡಲೆಯ ಸುಂಡಲ್ ಹಂಚುತ್ತಿದ್ದರಂತೆ. ನಲವತ್ತು ಸಾಕ್ಷಿಗಳಿರುವ ಮನುಷ್ಯನನ್ನು ಸುಮತಿ ಪಟ್ಟಿಯಿಂದ ಬಿಟ್ಟರು.

ಆಮೇಲೆ ವೀಕ್ಷಾಳಿಗೆ ಫೋನ್ ಮಾಡಿದರು. ಆರೋಪಿಯ ಸಲಹೆ ಕೇಳುವುದು ಯಾವ ಕೈಪಿಡಿಯಲ್ಲೂ ಇಲ್ಲ, ಆದರೆ ಬ್ಯಾಲೆನ್ಸರನ್ನು ತಪ್ಪಿಸಿ ಒಂದು ಸರ್ವರಿಗೆ ನೇರವಾಗಿ ಹೋಗುವುದು ಹೇಗೆಂದು ಠಾಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸರ್ವರಿನ ಗುರುತು ಹೇಳುವ ಪ್ರಮಾಣಪತ್ರದಲ್ಲಿ ಇರುವುದು ಮುಂಬಾಗಿಲಿನ ಹೆಸರು ಮಾತ್ರ, ನೇರವಾಗಿ ವಿಳಾಸದ ನಂಬರಿನಿಂದ ಕರೆದರೆ ಸಂಪರ್ಕ ಸಿಗುವುದಿಲ್ಲ ಎಂದು ಅವಳು ವಿವರಿಸಿದಳು. ಹಾಗೆ ಹೋಗಬೇಕಾದರೆ ಆ ಹೆಸರು ಎಂದರೆ ಈ ಯಂತ್ರ ಎಂದು ತನ್ನ ಲ್ಯಾಪ್‌ಟಾಪಿನ ಹೋಸ್ಟ್ಸ್ ಎಂಬ ಫೈಲಿನಲ್ಲಿ ಒಂದು ಸಾಲು ಬರೆಯಬೇಕು. "ಅಳಿಸುವವರೆಗೆ ಅದು ಅಲ್ಲೇ ಇರ್ತದೆ ಮೇಡಂ," ಎಂದಳು. ಇಲಾಖೆಯ ತಜ್ಞರನ್ನು ಕೇಳಿದಾಗ ಅವರೂ ಹೌದೆಂದರು.

ಸೋಮವಾರ, 6-10-2025, ಬೆಳಿಗ್ಗೆ 10.30. ಸರ್ವರ್ ಕೋಣೆಯಲ್ಲಿ ಮೂರನೆಯ ಸರ್ವರಿಗೆ ಏಳುಮಲೈ ಮೊಹರು ಹಾಕುತ್ತಿದ್ದ ಹೊತ್ತಿಗೆ ಸುಮತಿ ಪಂಚರು ಮತ್ತು ತಜ್ಞರೊಂದಿಗೆ ಸಂತೋಷ್‌ನ ಫ್ಲ್ಯಾಟಿನಲ್ಲಿದ್ದರು. ತಜ್ಞರು ಲ್ಯಾಪ್‌ಟಾಪ್ ತೆರೆದರು. ಹೋಸ್ಟ್ಸ್ ಫೈಲಿನ ಕೊನೆಯಲ್ಲಿ ಆ ಸಾಲು ಇತ್ತು.

"ಇದು ಏನು?"

"ಟೆಸ್ಟಿಂಗಿಗೆ ಹಾಕಿದ್ದು, ಮೇಡಂ. ನಮ್ಮ ಲೈನಲ್ಲಿ ಎಲ್ಲಾರೂ ಹಾಗೇ ಮಾಡೋದು ದಾನೆ," ಎಂದ ಸಂತೋಷ್, ತಮಿಳು ಬೆರೆತ ಮದ್ರಾಸಿನ ಕನ್ನಡದಲ್ಲಿ.

"ಫೈಲ್ ಬದಲಾಗಿರೋದು ಒಂದನೇ ತಾರೀಕು ಎರಡೂ ಐವತ್ತಕ್ಕೆ. ರಜೆ ಕೊಟ್ಟ ಮೆಷಿನ್ನಿಗೆ ಏನು ಟೆಸ್ಟಿಂಗ್ ಪಾ?"

ಸಂತೋಷ್ ಪರದೆಯ ಮೇಲಿನ ಆ ಸಾಲನ್ನೇ ನೋಡಿದ.

"ಆ ಸರ್ವರಿನ ಲಾಗ್ ಯಾಕೆ ಖಾಲಿ ಇದೆ?"

"ಗೊತ್ತಿಲ್ಲ."

"ಮೂರೂ ಹನ್ನೆರಡಕ್ಕೆ ಅದರ ಕಂತೆಯ ವಿಳಾಸ ಯಾರು ತಗೊಂಡಿದ್ದು?"

ಅವನು ಮುಖವನ್ನು ಎರಡೂ ಕೈಗಳಿಂದ ಒರೆಸಿಕೊಂಡ. ಎದ್ದು ಹೋಗಿ ಬೀರು ತೆರೆದು, ಬಟ್ಟೆಗಳ ಕೆಳಗಿನಿಂದ ಒಂದು ಹಾರ್ಡ್ ಡಿಸ್ಕ್ ತೆಗೆದು ಪಂಚರ ಮುಂದಿಟ್ಟ. ಕಡತ ಅದರಲ್ಲಿತ್ತು. ಅದು ಬೇರೆ ಯಾರ ಕೈಗೂ ಹೋಗಿರಲಿಲ್ಲ ಎಂಬುದು ಆಮೇಲೆ ಖಚಿತವಾಯಿತು. ಮಧ್ಯಾಹ್ನ 2.40ಕ್ಕೆ ಸಂತೋಷ್‌ನನ್ನು ಬಂಧಿಸಲಾಯಿತು.

ಸುಮತಿ ಊಟ ಮಾಡದೆ ನೇರವಾಗಿ ಕಂಪನಿಗೆ ಹೋದರು. 4.55ಕ್ಕೆ ಶಿಸ್ತು ಸಮಿತಿಯ ಕೋಣೆಯ ಬಾಗಿಲು ತೆರೆದಾಗ ವೀಕ್ಷಾ ಮೇಜಿನ ತುದಿಯಲ್ಲಿ ಒಬ್ಬಳೇ ಕೂತಿದ್ದಳು. ವಜಾ ಪತ್ರ ಟೈಪಾಗಿ ವಿಷ್ಣುಮೂರ್ತಿಯ ಮುಂದಿತ್ತು, ಸಹಿಯೊಂದು ಬಾಕಿ. ಸುಮತಿ ಬಂಧನದ ವಿವರವನ್ನು ನಿಂತುಕೊಂಡೇ ಹೇಳಿದರು. ಎಫ್‌ಐಆರ್‌ನಲ್ಲಿ ಆರೋಪಿಯಾಗಿದ್ದ ವೀಕ್ಷಾ ಆರೋಪಪಟ್ಟಿಯಲ್ಲಿ ಒಂದನೇ ಸಾಕ್ಷಿಯಾಗುತ್ತಾಳೆ ಎಂದೂ, ಪ್ರಕರಣ ಬಗೆಹರಿದದ್ದು ಅವಳ ತಿಳಿವಳಿಕೆಯಿಂದ ಎಂದೂ ಹೇಳಿದರು. ವಿಷ್ಣುಮೂರ್ತಿ ಪತ್ರವನ್ನು ಮಡಚಿ ಜೇಬಿಗೆ ಹಾಕಲು ನೋಡಿದರು. ಅದನ್ನು ಇಲ್ಲೇ ಹರಿಯಿರಿ ಎಂದರು ಸುಮತಿ. ಅವರು ಹರಿದರು.

ಹೊರಗೆ ಲಿಫ್ಟಿನ ಬಳಿ ಕಾಯುತ್ತಿದ್ದ ಐತಪ್ಪನಿಗೆ ಮಗಳು ಓಡಿ ಹೋಗಿ ಸುದ್ದಿ ಹೇಳಿದಳು. ಮೂವತ್ತೊಂದು ವರ್ಷ ಗಿರಾಕಿಗಳೆದುರು ಮುಖ ಬಾಡಿಸಿಕೊಳ್ಳದ ಮನುಷ್ಯ ಅಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟರು, ಅಳುತ್ತಲೇ ನಕ್ಕರು. ಏಳುಮಲೈಯ ಕೈ ಹಿಡಿದು, ಠಾಣೆಯವರೆಲ್ಲ ಹೋಟೆಲಿಗೆ ಊಟಕ್ಕೆ ಬರಲೇಬೇಕು ಎಂದರು.

ಬುಧವಾರ ಪೊಲೀಸ್ ಕಸ್ಟಡಿಯಲ್ಲಿ ಸಂತೋಷ್ ಹೇಳಿಕೆ ಕೊಟ್ಟ. 2020ರಲ್ಲಿ ಊರೆಲ್ಲ ಮುಚ್ಚಿದ್ದಾಗ ಇಡೀ ಕಂಪನಿ ಮನೆಯಿಂದ ಕೆಲಸ ಮಾಡುವಂತೆ ಆ ಬಾಗಿಲನ್ನು ಕಟ್ಟಿದವನು ಅವನೇ. ಹನ್ನೊಂದು ದಿನ ಸರ್ವರ್ ಕೋಣೆಯಲ್ಲೇ ಮಲಗಿದ್ದ. ಕಳೆದ ತಿಂಗಳು ಕಂಪನಿ ಆ ವ್ಯವಸ್ಥೆಯನ್ನು ಹೊರಗಿನವರಿಗೆ ವಹಿಸಲು ತೀರ್ಮಾನಿಸಿತು. ಅದೇ ವಾರದ ವಾರ್ಷಿಕ ಸಭೆಯಲ್ಲಿ, ಆ ವ್ಯವಸ್ಥೆಗಾಗಿ ವಿಷ್ಣುಮೂರ್ತಿಗೆ ವೇದಿಕೆಯ ಮೇಲೆ ಫಲಕ ಕೊಟ್ಟರು. ಹಿಂದಿನ ಸಾಲಿನಲ್ಲಿ ನಿಂತು ಇವನೂ ಚಪ್ಪಾಳೆ ತಟ್ಟಿದ್ದ. ಫಲಕ ಪಡೆದವನಿಗೆ ಬಾಗಿಲು ಕಾಯಲು ಬರುವುದಿಲ್ಲವೆಂದು ತೋರಿಸುವುದಷ್ಟೇ ಅವನಿಗೆ ಬೇಕಿತ್ತು.

"ವೀಕ್ಷಾ ಏನು ಮಾಡಿದ್ದಳು ನಿಂಗೆ?" ಎಂದು ಸುಮತಿ ಕೇಳಿದರು.

"ಏನೂ ಇಲ್ಲ. ಹಳೇ ಪಾಸ್‌ವರ್ಡ್ ಇರೋ ಐಡಿ ಒಂದು ಬೇಕಾಗಿತ್ತು. ಲಿಸ್ಟಲ್ಲಿ ಮೊದಲು ಕಂಡದ್ದು ಅದು. ಅದರ ಹಿಂದೆ ಒಂದು ಹುಡುಗಿ ಇದ್ದಾಳೆ ಅಂತ ನಾನು ಯೋಚನೇನೇ ಮಾಡಲಿಲ್ಲ ಮೇಡಂ."

ಹೇಳಿಕೆಗೆ ಸಹಿ ಹಾಕಿ ಪೆನ್ನು ಹಿಂದಿರುಗಿಸುವಾಗ ಅವನು ಒಂದು ಮಾತು ಕೇಳಿದ. ಮಂಗಳವಾರ ಬೆಳಿಗ್ಗೆ ಮೂರೇ ಸರ್ವರ್ ಇದ್ದು ಜನ ಒಳಗೆ ಬರಲು ಒದ್ದಾಡಿರಬೇಕಲ್ಲ, ಮೊಹರು ಹಾಕಿದ ಮೂರನೆಯದನ್ನು ಪೊಲೀಸರು ಅದರ ಡಿಸ್ಕಿನ ನಕಲು ತೆಗೆದು ವಾಪಸ್ ಕೊಟ್ಟ ಮೇಲೆ ಮತ್ತೆ ಸಾಲಿಗೆ ಸೇರಿಸಲು ಅಲ್ಲಿ ಯಾರಿಗೆ ಬಂತು ಎಂದು.

"ವೀಕ್ಷಾಗೆ," ಎಂದರು ಸುಮತಿ. "ಇವತ್ತು ಬೆಳಿಗ್ಗೆ ಸೇರಿಸಿದಳು. ಒಬ್ಬರೂ ಕಾಯಲಿಲ್ಲವಂತೆ."

ಸಂತೋಷ್ ತಲೆ ತಗ್ಗಿಸಿದ. ಸರಿಯಾಗಿಯೇ ಮಾಡಿರಬೇಕು ಎಂದು ಮೆಲ್ಲಗೆ ಹೇಳಿ ಏಳುಮಲೈಯ ಹಿಂದೆ ನಡೆದ.